ಸ್ಪೀಡ್ ಮೋಡ್ ಇರೋ ಲೇಸರ್ ರೇಂಜ್‌ಫೈಂಡರ್: ಮೂರು ತಿಂಗಳು ಬಳಸಿದ್ಮೇಲೆ

ನಮ್ಮನೆ ಆಯನೂರು ಹತ್ರ, ಶಿವಮೊಗ್ಗ-ಸಾಗರ ರೋಡಿಗೆ ಅಂಟ್ಕೊಂಡೇ ಇದೆ. ಬೆಳಿಗ್ಗೆ ಮಕ್ಳು ಸ್ಕೂಲಿಗೆ ಅಂತ ರೋಡ್ ದಾಟೋ ಹೊತ್ತಲ್ಲಿ ಗಾಡಿಗಳು ಬರೋ ರಭಸ ನೋಡಿದ್ರೆ ಎದೆ ಧಸಕ್ ಅನ್ನುತ್ತೆ, ಅರ್ಜಿ ಕೊಡೋಣ ಅಂದ್ರೆ ಕೈಲಿ ಲೆಕ್ಕ ಇರ್ಬೇಕಲ್ಲ, ಅದಕ್ಕೇ ಈ ರೇಂಜ್‌ಫೈಂಡರ್, ಅಂದ್ರೆ ಲೇಸರ್ ಬೆಳಕಲ್ಲಿ ದೂರ ಅಳೆಯೋ ಮೆಷಿನ್, ಆನ್‌ಲೈನಲ್ಲಿ ತರ್ಸಿದ್ದು.

ಗಾಡಿಗಳ ಸ್ಪೀಡ್ ಹಿಡಿಯೋ ಪೊಲೀಸ್ರ ಲೇಸರ್ ಗನ್ನಿನ ಕೆಲ್ಸಾನೇ ಇದೂ ಮಾಡೋದು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಸಣ್ಣ ಸಣ್ಣ ಪಲ್ಸ್ ಬಿಡುತ್ತೆ, ಗಾಡಿಗೆ ಬಡಿದು ವಾಪಸ್ ಬರೋಕೆ ಎಷ್ಟು ಟೈಮ್ ಆಯ್ತು ಅಂತ ಅಳೆದು ದೂರ ಕಂಡುಹಿಡಿಯುತ್ತೆ, ಆ ದೂರ ಪಲ್ಸಿಂದ ಪಲ್ಸಿಗೆ ಎಷ್ಟು ಬದಲಾಯ್ತು ಅನ್ನೋದ್ರಿಂದ ಸ್ಪೀಡ್ ಸಿಗುತ್ತೆ. 150 ಮೀಟರ್ ದೂರದ ಗಾಡಿಗೆ ಹೋಗಿ ಬರೋಕೆ ಬೆಳಕಿಗೆ ಬೇಕಾಗೋದು ಒಂದೇ ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು)! ಅಳತೇಲಿ ಒಂದು ನ್ಯಾನೋಸೆಕೆಂಡ್ (ಮೈಕ್ರೋಸೆಕೆಂಡಿನ ಸಾವಿರದಲ್ಲೊಂದು ಪಾಲು) ಏರುಪೇರಾದ್ರೆ ದೂರದಲ್ಲಿ 15 ಸೆಂಟಿಮೀಟರ್ ಏರುಪೇರು, ಹಾಗಾಗಿ ಎರಡೇ ಪಲ್ಸ್ ನಂಬ್ಕೊಂಡು ಕೂತ್ರೆ ಆಗಲ್ಲ. ಪೊಲೀಸ್ ಗನ್ ಸೆಕೆಂಡಿಗೆ ನೂರಾರು ಪಲ್ಸ್ ಬಿಟ್ಟು, ಬಂದ ದೂರಗಳನ್ನೆಲ್ಲ ಟೈಮಿನ ಪ್ರಕಾರ ಗ್ರಾಫಿನ ತರ ಸಾಲಾಗಿಟ್ಟು, ಅವುಗಳ ಮಧ್ಯೆ ಹಾಯೋ ಗೆರೆಯ ಇಳಿಜಾರು ಎಷ್ಟು ಅಂತ ನೋಡುತ್ತೆ, ಆ ಇಳಿಜಾರೇ ಸ್ಪೀಡು. ನನ್ನ ಹತ್ರ ಇರೋದು ಅಷ್ಟು ಚುರುಕಲ್ಲ, ಬಟನ್ ಒತ್ತಿ ಹಿಡಿದು ಎರಡ್ಮೂರು ಸೆಕೆಂಡ್ ಕಾಯ್ಬೇಕು.

ತಮ್ಮ ಕಾರಲ್ಲಿ ಜಿಪಿಎಸ್ ನೋಡ್ಕೊಂಡು ಸರಿಯಾಗಿ 60ರಲ್ಲಿ ಬಂದ. ರೋಡಿನ ಅಂಚಲ್ಲಿ ನಿಂತು ಎದುರಿಂದ ಹಿಡಿದ್ರೆ 59 ಬಂತು, ಖುಷಿಯಾಯ್ತು. ಅದೇ ನಮ್ಮನೆ ಜಗಲಿಯಿಂದ ಓರೆಯಾಗಿ ಹಿಡಿದ್ರೆ 52! ಮೆಷಿನ್ ಕೆಟ್ಟಿಲ್ಲ ಮಾರಾಯ್ರೆ, ಅದು ಅಳೆಯೋದು ಗಾಡಿ ನಮ್ ಕಡೆಗೆ ಎಷ್ಟು ಬೇಗ ಹತ್ರ ಬರ್ತಿದೆ ಅನ್ನೋದನ್ನ ಮಾತ್ರ, 30 ಡಿಗ್ರಿ ಓರೆಯಾದ್ರೆ 60 ಇದ್ದದ್ದು 52 ಆಗಿ ಕಾಣುತ್ತೆ. ಅಂದ್ರೆ ಓರೆಯಿಂದ ಆಗೋ ತಪ್ಪು ಯಾವಾಗ್ಲೂ ಡ್ರೈವರ್ ಪರವಾಗೇ ಇರುತ್ತೆ.

ನಂಬರ್ ಪ್ಲೇಟಿಗೆ ಗುರಿ ಇಡಿ, ಬೆಳಕು ಚೆನ್ನಾಗಿ ವಾಪಸ್ ಬರುತ್ತೆ. ನಮ್ ಕಡೆ ಮಳೆಗಾಲದಲ್ಲಿ ಮಾತ್ರ ಇದನ್ನ ನೆಚ್ಚಬೇಡಿ, ಮಂಜಿನ ಹನಿಗಳಿಗೇ ಬೆಳಕು ಬಡಿದು ಚದುರಿಹೋಗುತ್ತೆ, ಸ್ಕ್ರೀನಲ್ಲಿ ಅಂಕಿ ಬದಲು ಬರೀ ಗೆರೆ.

ಒಂದು ಟ್ರೈಪಾಡ್ ಜೊತೆಗೇ ತಗೊಳ್ಳಿ. ಕೈ ಅಲ್ಲಾಡಿ ಗುರಿ ಬಸ್ಸಿನ ಮುಖದಿಂದ ಪಕ್ಕದ ಕಿಟಕಿಗಳ ಮೇಲೆ ಜಾರಿದ್ರೆ ದೂರ ಬದಲಾಗಿ ಲೆಕ್ಕಾನೇ ಕೆಡುತ್ತೆ, ನನ್ನ ಮೊದಲನೇ ವಾರದ ನೋಟ್‌ಬುಕ್ಕಿನ ಬಸ್ಸುಗಳ ಲೆಕ್ಕ ಅಷ್ಟೂ ಹೊಡೆದುಹಾಕಿ ಮತ್ತೆ ಶುರು ಮಾಡ್ದೆ.