ವಯಸ್ಸಾದ ನಾಯಿಗೆ ತುಮಕೂರಲ್ಲಿ ಸಿಕ್ಕ ಒಂದು ಒಳ್ಳೆ ಕ್ಲಿನಿಕ್

ಎಸ್.ಎಸ್. ಪುರಂ ಕಡೆ ಇರುವ ಒಂದು ಸಣ್ಣ ಪಶುವೈದ್ಯ ಕ್ಲಿನಿಕ್ ಬಗ್ಗೆ ಬರೆಯುತ್ತಿದ್ದೇನೆ. ಒಂದು ಕೋಣೆ, ಒಂದು ಮೇಜು, ಹೊರಗೆ ಬೆಂಚು, ಅಷ್ಟೇ. ಆದರೆ ಅಲ್ಲಿನ ಡಾಕ್ಟರಮ್ಮ ಪ್ರಶ್ನೆ ಕೇಳುವ ರೀತಿಗೆ ಐದಕ್ಕೆ ಐದು ಕೊಡುತ್ತೇನೆ.

ನಮ್ಮ ಚಿನ್ನಿ 11 ವರ್ಷದ ಡ್ಯಾಶ್‌ಹಂಡ್, ತೂಕ 9 ಕೆಜಿ. ನನ್ನ ಟೈಲರಿಂಗ್ ಅಂಗಡಿಯಲ್ಲಿ ಮಿಷನ್ ಪಕ್ಕದಲ್ಲೇ ಮಲಗುತ್ತಾಳೆ. ಚಳಿಗೆ ಅಂತ ಉಳಿದ ಬಟ್ಟೆಯಲ್ಲಿ ಅವಳಿಗೊಂದು ಕೋಟು ಹೊಲಿದಿದ್ದೆ. ಈ ಸಲ ತೊಡಿಸಿದರೆ ಹೊಟ್ಟೆ ಹತ್ತಿರ ಗುಂಡಿ ಕೂರಲಿಲ್ಲ, ಭುಜದ ಹತ್ತಿರ ಮಾತ್ರ ಜೋಲು. ದಪ್ಪ ಆಗಿದ್ದರೆ ಎಲ್ಲಾ ಕಡೆ ಬಿಗಿ ಆಗಬೇಕಲ್ವಾ? ಬಟ್ಟಲಿಗೆ ಎಷ್ಟು ನೀರು ಹಾಕಿದರೂ ಖಾಲಿ. ರಾತ್ರಿ ಎದ್ದು ಉಚ್ಚೆಗೆ ಬಾಗಿಲು ಕೆರೆಯುತ್ತಿದ್ದಳು. ಸುಮ್ನೆ ಮಲಗಿದ್ದರೂ ಏದುಸಿರು. ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ಉದುರಿತ್ತು, ಆದರೆ ಕೆರೆದುಕೊಳ್ಳುತ್ತಿರಲಿಲ್ಲ. ಊಟ ಕಂಡರೆ ಮಾತ್ರ ಬರಗೆಟ್ಟವಳ ಹಾಗೆ ಬೀಳುತ್ತಿದ್ದಳು.

ಮೊದಲು ತೋರಿಸಿದ ಇನ್ನೊಂದು ಕಡೆ, "ವಯಸ್ಸಾಯ್ತಲ್ಲಮ್ಮ, ಚೆನ್ನಾಗಿ ತಿಂತಿದೆಯಲ್ಲ, ಇನ್ನೇನು" ಅಂತ ಶಾಂಪೂ ಬರೆದುಕೊಟ್ಟು ಕಳಿಸಿದರು. ಆ ಸಿಟ್ಟು ನನಗೆ ಇನ್ನೂ ಇದೆ. ಚಿನ್ನಿಗೆ ಇದ್ದದ್ದು ಕುಶಿಂಗ್ಸ್ ಅನ್ನುವ ಹಾರ್ಮೋನ್ ಕಾಯಿಲೆ ಅಂತ ಆಮೇಲೆ ಗೊತ್ತಾಯ್ತು, ಅದರಲ್ಲಿ ಅತಿಯಾಗಿ ತಿನ್ನುವುದೇ ಒಂದು ಲಕ್ಷಣ.

ಈ ಡಾಕ್ಟರಮ್ಮ ಕೇಳಿದ ಮೊದಲ ಮಾತು, "ದಿನಕ್ಕೆ ಎಷ್ಟು ನೀರು ಕುಡಿತಾಳೆ?" ಜಾಸ್ತಿ ಅಂದೆ. "ಜಾಸ್ತಿ ಅಂದ್ರೆ ಸಾಲದು, ಅಳೆದುಕೊಂಡು ಬನ್ನಿ" ಅಂದರು. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದಿದ್ದನ್ನು ಕಳೆಯಬೇಕು. ಕೆಜಿ ತೂಕಕ್ಕೆ 100 ಮಿಲಿ ದಾಟಿದರೆ ಏನೋ ಇದೆ ಅಂತಲೇ ಲೆಕ್ಕ. ಚಿನ್ನಿಯದು 1,300 ಮಿಲಿ ಬಂತು. ಉಚ್ಚೆ ಜಾಸ್ತಿ ಆಗುತ್ತದೆ ಅಂತ ನೀರು ಮಾತ್ರ ಕಡಿಮೆ ಮಾಡಬೇಡಿ ಅಂತ ಒತ್ತಿ ಹೇಳಿದರು. ಕೋಟಿನ ವಿಷಯ ಹೇಳಿದಾಗ ನಗಲಿಲ್ಲ, ತರಿಸಿ ತೊಡಿಸಿ ನೋಡಿದರು. ಹೊಟ್ಟೆ ಜೋತು ಬೀಳುವುದು, ಭುಜ ತೊಡೆಗಳ ಮಾಂಸ ಕರಗುವುದು ಒಟ್ಟಿಗೇ ಆಗುತ್ತದಂತೆ.

ತುರಿಕೆಗೆ ಇಂಜೆಕ್ಷನ್, ಮುಲಾಮು, ಕಿವಿಗೆ ಹನಿ ಏನಾದರೂ ಹಾಕಿಸಿದ್ದೀರಾ ಅಂತಲೂ ಕೇಳಿದರು. ಸ್ಟೀರಾಯ್ಡ್ ಇರುವ ಔಷಧ ಬಹಳ ದಿನ ಕೊಟ್ಟರೂ ಇದೇ ಲಕ್ಷಣ ಬರುತ್ತವೆ. ಅಂಥದ್ದನ್ನು ಕೊಡುತ್ತಿದ್ದರೆ ನಾವಾಗೇ ದಿಢೀರ್ ಅಂತ ನಿಲ್ಲಿಸಲೂ ಬಾರದು.

ಕುಶಿಂಗ್ಸ್‌ನಲ್ಲಿ ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಹಾರ್ಮೋನ್ ಅತಿಯಾಗಿ ಬರುತ್ತದೆ. ಬಹಳಷ್ಟು ನಾಯಿಗಳಲ್ಲಿ ಮೂಲ ಇರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ, ಅಲ್ಲೊಂದು ಸಣ್ಣ ಗೆಡ್ಡೆ. ಡಾಕ್ಟರಮ್ಮ ನೇರವಾಗಿ ಇದೇ ಅಂತ ಹೇಳಿಬಿಡಲಿಲ್ಲ. ಸಕ್ಕರೆ ಕಾಯಿಲೆಗೂ ಕಿಡ್ನಿ ತೊಂದರೆಗೂ ನೀರಡಿಕೆ ಹೆಚ್ಚುತ್ತದೆ, ಹಾಗಾಗಿ ಮೊದಲು ಅವೆರಡನ್ನೂ ನೋಡಿದರು. ಥೈರಾಯ್ಡ್ ಕಡಿಮೆಯಾದಾಗಲೂ ಕೂದಲು ಉದುರುತ್ತದೆ, ಆದರೆ ಆ ನಾಯಿ ಜಾಸ್ತಿ ತಿನ್ನದೆಯೇ ದಪ್ಪಗಾಗಿ, ಬೆಚ್ಚಗಿನ ಜಾಗ ಹುಡುಕುತ್ತದೆ. ಚಿನ್ನಿ ತಣ್ಣನೆ ನೆಲ ಹುಡುಕುತ್ತಿದ್ದಳು.

ಆಮೇಲೆ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಔಷಧ ಕೊಟ್ಟು ಮಾಡುವ ಪರೀಕ್ಷೆ. ಮೊದಲು ಒಂದು ಸಲ ರಕ್ತ ತೆಗೆದು ಅದರ ಸಣ್ಣ ಪ್ರಮಾಣದ ಇಂಜೆಕ್ಷನ್ ಕೊಡುತ್ತಾರೆ. 4 ಗಂಟೆ ಆದ ಮೇಲೆ ಒಂದು ಸಲ, 8 ಗಂಟೆ ಆದ ಮೇಲೆ ಒಂದು ಸಲ ಮತ್ತೆ ರಕ್ತ. ಆರೋಗ್ಯದ ನಾಯಿಯಲ್ಲಿ ಕಾರ್ಟಿಸಾಲ್ ಇಳಿಯಬೇಕು, ಇವಳಲ್ಲಿ ಇಳಿಯಲಿಲ್ಲ. ಇಡೀ ದಿನದ ಕೆಲಸ. ಅಷ್ಟು ಹೊತ್ತೂ ನನ್ನನ್ನು ಚಿನ್ನಿ ಜೊತೆ ಕೂರಲು ಬಿಟ್ಟರು. ಇದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹೊಸ ಜಾಗದಲ್ಲಿ ನಾಯಿ ಹೆದರಿದರೆ ಕಾರ್ಟಿಸಾಲ್ ಏರುತ್ತದೆ.

ಈಗ ಕಾರ್ಟಿಸಾಲ್ ಇಳಿಸುವ ಟ್ರೈಲೋಸ್ಟೇನ್ ಮಾತ್ರೆ ನಡೆಯುತ್ತಿದೆ, ಊಟದ ಜೊತೆಗೇ ಕೊಡಬೇಕು. ವಾಂತಿ, ಭೇದಿ, ಸುಸ್ತು ಕಂಡರೆ, ಊಟ ಬಿಟ್ಟರೆ ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ ಅಂತ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದಾರೆ. ಕಾರ್ಟಿಸಾಲ್ ತೀರಾ ಇಳಿದರೆ ಜೀವಕ್ಕೇ ಅಪಾಯ. ಶುರುವಲ್ಲಿ ಬೇಗ ಬೇಗ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಇರುತ್ತದೆ. ಪೂರ್ತಿ ವಾಸಿ ಆಗುವ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಡಬಹುದು ಅಂತಲೂ ಮುಚ್ಚಿಡದೆ ಹೇಳಿದರು. ನೀರು ಕುಡಿಯುವುದು ಅರ್ಧದಷ್ಟು ಇಳಿದಿದೆ, ರಾತ್ರಿ ನಾವೂ ನಿದ್ದೆ ಮಾಡುತ್ತಿದ್ದೇವೆ. ಕೂದಲು ಬರಲು ಇನ್ನೂ ತಿಂಗಳುಗಳೇ ಬೇಕಂತೆ.

ಕೊರತೆಯೂ ಇದೆ. ಅಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಇಲ್ಲ. ನಮ್ಮನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿದರು. ಕಾರ್ಟಿಸಾಲ್ ಸ್ಯಾಂಪಲ್ ಕೂಡ ಹೊರಗಿನ ಲ್ಯಾಬ್‌ಗೆ ಹೋಗುತ್ತದೆ, ವರದಿಗೆ ಕಾಯಬೇಕು. ಮಾತ್ರೆ ಇಲ್ಲಿನ ಅಂಗಡಿಗಳಲ್ಲಿ ಸಿಗದೆ ಬೆಂಗಳೂರಿಂದ ತರಿಸಿಕೊಳ್ಳುತ್ತಿದ್ದೇನೆ. ಖರ್ಚು ಸಾವಿರಗಟ್ಟಲೆ ಆಗುತ್ತದೆ, ಆದರೆ ಯಾವುದಕ್ಕೆ ಎಷ್ಟು ಅಂತ ಮೊದಲೇ ಹೇಳುತ್ತಾರೆ. ಸಂಜೆ ಜನ ಜಾಸ್ತಿ, ದೊಡ್ಡ ನಾಯಿಗಳ ಮಧ್ಯೆ ಚಿನ್ನಿ ನಡುಗುತ್ತಾಳೆ. ಬೆಳಿಗ್ಗೆಯೇ ಹೋಗಿ. ಹೋಗುವಾಗ ಅಂದಿನ ಮೊದಲ ಉಚ್ಚೆಯನ್ನು ತೊಳೆದು ಒಣಗಿಸಿದ ಬಾಟಲಿಯಲ್ಲಿ ಹಿಡಿದುಕೊಂಡು, ನೀರಿನ ಲೆಕ್ಕವನ್ನೂ ಬರೆದುಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.