ಇಂಡಕ್ಷನ್, ಸೆರಾಮಿಕ್, ಗ್ಯಾಸ್: ಮೂರರಲ್ಲೂ ಅಡುಗೆ ಮಾಡಿದ ಮೇಲೆ

ಒಲೆ ಕೊಳ್ಳೋಕೆ ಹೋದವರೆಲ್ಲ ಮೊದಲು ಕೇಳುವುದು ಒಂದೇ: ನೀರು ಎಷ್ಟು ಬೇಗ ಕುದಿಯುತ್ತೆ? ಕೇಳಬೇಕಾದದ್ದೇ. ಆದರೆ ಮೂರೂ ಬಗೆಯ ಒಲೆಗಳಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ ಮೇಲೆ ನಾನು ಮೊದಲು ನೋಡುವುದು ಬೇರೆ. ಉರಿ ತಗ್ಗಿಸಿದಾಗ ಒಲೆ ಮಾತು ಕೇಳುತ್ತದೋ ಇಲ್ಲವೋ ಅನ್ನೋದು.

ಹಾಲು ಕಾಯಿಸಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ನೊರೆ ಪಾತ್ರೆಯ ಅಂಚಿಗೆ ಬಂದಿದೆ ಅಂದುಕೊಳ್ಳಿ. ಗ್ಯಾಸ್ ಆದರೆ ನಾಬ್ ತಿರುಗಿಸಿದ ಕೂಡಲೇ ಇಳಿಯುತ್ತದೆ. ಇಂಡಕ್ಷನ್‌ನಲ್ಲೂ ಹಾಗೇ, ಬಟನ್ ಒತ್ತಿದರೆ ಸಾಕು. ಸೆರಾಮಿಕ್ ಅಂದರೆ ಗಾಜಿನ ಕೆಳಗೆ ಕರೆಂಟಿನಿಂದ ಕಾಯುವ ಒಲೆ. ಆ ಗಾಜಿನ ಬಿಸಿ ಬೇಗ ಆರುವುದಿಲ್ಲ. ಅದರಲ್ಲಿ ಮಾತ್ರ ಆಫ್ ಮಾಡಿ ಸುಮ್ನೆ ನಿಂತರೆ, ಹಾಲು ನಿಧಾನಕ್ಕೆ ಉಕ್ಕಿ ಗಾಜಿನ ಮೇಲೆಲ್ಲ ಹರಿದು ಅಲ್ಲೇ ಸೀದು ಹೋಗುತ್ತದೆ. ಪಾತ್ರೆಯನ್ನೇ ಎತ್ತಿ ಪಕ್ಕಕ್ಕೆ ಇಡಬೇಕು. ಸೆರಾಮಿಕ್ ಬಳಸುತ್ತಿದ್ದ ಕಾಲದಲ್ಲಿ ಒಂದು ಕೈಯಲ್ಲಿ ಯಾವಾಗಲೂ ಬಟ್ಟೆ ಹಿಡಿದುಕೊಂಡೇ ಇರುತ್ತಿದ್ದೆ.

ನೋಡೋಕೆ ಸೆರಾಮಿಕ್ ಮತ್ತು ಇಂಡಕ್ಷನ್ ಎರಡೂ ಒಂದೇ ಥರ. ಮೇಲಿನ ಕಪ್ಪು ಗಾಜೂ ಒಂದೇ ಜಾತಿಯದು. ಶಾಟ್ ಎಂಬ ಜರ್ಮನ್ ಕಂಪನಿ 1971ರಿಂದ ಸೆರಾನ್ ಹೆಸರಿನಲ್ಲಿ ಮಾರುತ್ತಿರುವುದು ಇಂಥದ್ದೇ ಗಾಜು. ಕಾದರೂ ಇದು ಹಿಗ್ಗುವುದಿಲ್ಲ ಅಂತಲೇ ಹೇಳಬಹುದು. ಅದಕ್ಕೇ ಒಂದು ಕಡೆ ಕೆಂಪಗೆ ಕಾದು ಪಕ್ಕದಲ್ಲೇ ತಣ್ಣಗಿದ್ದರೂ ಬಿರುಕು ಬಿಡುವುದಿಲ್ಲ. ವ್ಯತ್ಯಾಸ ಇರುವುದು ಗಾಜಿನ ಕೆಳಗೆ. ಸೆರಾಮಿಕ್ ಒಲೆಯಲ್ಲಿ ಲೋಹದ ಪಟ್ಟಿ ಕೆಂಪಗೆ ಕಾದು ಗಾಜನ್ನು ಬಿಸಿ ಮಾಡುತ್ತದೆ, ಗಾಜು ಪಾತ್ರೆಯನ್ನು ಬಿಸಿ ಮಾಡುತ್ತದೆ. ಇಂಡಕ್ಷನ್‌ನಲ್ಲಿ ತಾಮ್ರದ ಸುರುಳಿ ಇರುತ್ತದೆ. ಅದರಲ್ಲಿ ಕರೆಂಟು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಹುಟ್ಟುವ ಕಾಂತಶಕ್ತಿ ಪಾತ್ರೆಯ ತಳದೊಳಗೇ ಕರೆಂಟು ಸುತ್ತುವಂತೆ ಮಾಡುತ್ತದೆ, ತಳ ತಾನೇ ಕಾಯುತ್ತದೆ. ಗಾಜು ಬಿಸಿಯಾಗುವುದು ಪಾತ್ರೆ ತಗುಲಿದ್ದರಿಂದ ಅಷ್ಟೇ.

ಇನ್ನು ವೇಗದ ಮಾತು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೋಜೂಲ್ ಶಾಖ ಬೇಕು. ಇಂಡಕ್ಷನ್‌ನಲ್ಲಿ ಖರ್ಚಾದ ಶಕ್ತಿಯ ಶೇಕಡಾ 85ರಷ್ಟು ಪಾಲು ಪಾತ್ರೆಗೆ ಸೇರುತ್ತದೆ. ಸೆರಾಮಿಕ್‌ನಲ್ಲಿ 70-75, ಗ್ಯಾಸ್‌ನಲ್ಲಿ ಬರೀ 30-40. ಹಾಗಾಗಿ 2000 ವ್ಯಾಟ್ ಇಂಡಕ್ಷನ್ ಮೇಲೆ ಮೂರು ನಿಮಿಷ ದಾಟುವಷ್ಟರಲ್ಲಿ ನೀರು ಕುದಿಯುತ್ತದೆ. ಅಷ್ಟೇ ಶಕ್ತಿಯ ಗ್ಯಾಸ್ ಬರ್ನರ್‌ಗೆ ಏಳೆಂಟು ನಿಮಿಷ ಬೇಕು. ಉಳಿದ ಶಾಖ ಪಾತ್ರೆಯ ಪಕ್ಕದಿಂದ ಎದ್ದು ಪಾತ್ರೆಯ ಹಿಡಿಗೆ, ಗೋಡೆಗೆ, ನಮ್ಮ ಮುಖಕ್ಕೆ ಬಡಿಯುತ್ತದೆ. ಸೆಖೆಗಾಲದಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಹಾಗಂತ ಇಂಡಕ್ಷನ್ ಅಂದರೆ ಖರ್ಚು ಕಡಿಮೆ ಅಂತ ಕಣ್ಣು ಮುಚ್ಚಿ ನಂಬಬೇಡಿ. ಅದು ನಿಮ್ಮಲ್ಲಿರುವ ದರದ ಮೇಲೆ ಹೋಗುತ್ತದೆ. ಒಂದು ಯೂನಿಟ್ ಕರೆಂಟಿನ ಬೆಲೆ, ಅಷ್ಟೇ ಶಾಖ ಕೊಡುವ ಗ್ಯಾಸಿನ ಬೆಲೆಗಿಂತ ಸುಮಾರು ಎರಡೂವರೆ ಪಟ್ಟು ದಾಟಿದರೆ ಗ್ಯಾಸೇ ಅಗ್ಗ. ಕೊಳ್ಳುವ ಮೊದಲು ಹಳೇ ಬಿಲ್ ತೆಗೆದು ಒಂದು ಸಲ ಲೆಕ್ಕ ಹಾಕಿ.

ಇಂಡಕ್ಷನ್‌ನ ಕಿರಿಕಿರಿಗಳನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಬೇಕು ಅನ್ನೋದು ಎಲ್ಲರಿಗೂ ಗೊತ್ತು. ಅಲ್ಯೂಮಿನಿಯಂ, ತಾಮ್ರ, ಗಾಜಿನ ಪಾತ್ರೆ ನಡೆಯುವುದಿಲ್ಲ. ನಡುವೆ ಇಡುವ ಕಬ್ಬಿಣದ ತಟ್ಟೆ ಸಿಗುತ್ತದೆ, ಅದನ್ನಿಟ್ಟರೆ ಇಂಡಕ್ಷನ್ ಕೊಂಡ ಲಾಭವೇ ಹೋಯ್ತು. ಪುಟ್ಟ ಪಾತ್ರೆ ಇಟ್ಟರೆ ಕೆಲವು ಒಲೆಗಳಿಗೆ ಅದು ಕಾಣಿಸುವುದೇ ಇಲ್ಲ, ಬೀಪ್ ಬೀಪ್ ಅಂದು ಸುಮ್ಮನಾಗುತ್ತವೆ. ದೊಡ್ಡ ಬಾಣಲೆ ಇಟ್ಟರೆ ಸುರುಳಿಯ ಮೇಲಿನ ಭಾಗ ಮಾತ್ರ ಜೋರಾಗಿ ಕಾದು, ಅಂಚಿನ ಈರುಳ್ಳಿ ಹಸಿಯಾಗಿಯೇ ಉಳಿಯುತ್ತದೆ. ತೆಳು ತಳದ ಪಾತ್ರೆಯನ್ನು ಒಮ್ಮೆಲೇ ಪೂರ್ತಿ ಶಕ್ತಿಗೆ ಇಟ್ಟರೆ ತಳ ಉಬ್ಬಿಕೊಳ್ಳುತ್ತದೆ, ಆಮೇಲೆ ಅದು ಗಾಜಿನ ಮೇಲೆ ಬುಗುರಿಯ ಹಾಗೆ ತಿರುಗುತ್ತಿರುತ್ತದೆ. ಎರಡು ಮೂರು ಪದರದ ತಳ ಇದ್ದರೆ ಜೋರು ಉರಿಯಲ್ಲಿ ಸಣ್ಣಗೆ ಕೀ ಅನ್ನುವ ಸದ್ದು ಬರುತ್ತದೆ. ಹಾಳಾಗಿಲ್ಲ, ಅದರ ಸ್ವಭಾವವೇ ಹಾಗೆ. ಒದ್ದೆ ಬೆರಳಿಗೆ ಟಚ್ ಬಟನ್ ಸರಿಯಾಗಿ ಸ್ಪಂದಿಸುವುದಿಲ್ಲ. ಅಡುಗೆ ಮಾಡುವವರ ಬೆರಳು ಒಣಗಿರುವುದು ಯಾವಾಗ ಹೇಳಿ? ನಾಬ್ ಇರುವ ಮಾಡೆಲ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ವೈರಿಂಗ್ ಕಡೆಗೂ ನೋಡಬೇಕು. ನಾಲ್ಕು ಪಾತ್ರೆ ಇಡುವ ಇಂಡಕ್ಷನ್ ಒಟ್ಟು 7 ಕಿಲೋವ್ಯಾಟ್ ಮೀರಿ ಎಳೆಯಬಹುದು. 230 ವೋಲ್ಟ್‌ನಲ್ಲಿ ಅದಕ್ಕೆ 32 ಆಂಪಿಯರ್‌ನ ಪ್ರತ್ಯೇಕ ಲೈನ್ ಬೇಕಾಗುತ್ತದೆ. ಪ್ಲಗ್ ಹಾಕಿ ಬಳಸುವ ಒಂಟಿ ಒಲೆಗೆ ಇಷ್ಟೆಲ್ಲ ಬೇಡ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಉರಿಯುತ್ತಿರುವ ಇಂಡಕ್ಷನ್‌ನಿಂದ 60 ಸೆಂಟಿಮೀಟರ್ ದೂರ ಇರಬೇಕು ಅನ್ನುತ್ತಾರೆ. ವೈದ್ಯರನ್ನು ಕೇಳಿಯೇ ಕೊಳ್ಳಿ.

ಸೆರಾಮಿಕ್ ಬಗ್ಗೆ ಒಳ್ಳೆಯ ಮಾತೇ ಇಲ್ಲವೇ ಅಂದರೆ, ಇದೆ. ತಳ ಸಪಾಟಾಗಿದ್ದರೆ ಯಾವ ಲೋಹದ ಪಾತ್ರೆಯಾದರೂ ನಡೆಯುತ್ತದೆ. ಗಂಟೆಗಟ್ಟಲೆ ಒಂದೇ ಹದದಲ್ಲಿ ಬೇಯಬೇಕಾದ್ದಕ್ಕೆ ಅದರ ನಿಧಾನವೇ ಅನುಕೂಲ. ಆದರೆ ಸಕ್ಕರೆ ಪಾಕ ಚೆಲ್ಲಿತೋ, ಕೆಲಸ ಕೆಟ್ಟಿತು. ಬಿಸಿ ಇರುವಾಗಲೇ, ಕೈ ಸುಟ್ಟುಕೊಳ್ಳದ ಹಾಗೆ, ಹಿಡಿ ಇರುವ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಆರಲು ಬಿಟ್ಟರೆ ಅದು ಗಾಜಿಗೆ ಕಚ್ಚಿಕೊಳ್ಳುತ್ತದೆ, ಕಿತ್ತಾಗ ಗಾಜಿನ ಚೂರೂ ಜೊತೆಗೇ ಬರುತ್ತದೆ. ಬಿಸಿ ಇದೆ ಅನ್ನುವ ದೀಪ ಆರುವವರೆಗೆ ಮಕ್ಕಳನ್ನು ಹತ್ತಿರ ಬಿಡುವ ಹಾಗಿಲ್ಲ. ಇಂಡಕ್ಷನ್‌ಗೆ ಕೈಗೆಟಕುವ ಬೆಲೆ ಇರುವಾಗ, ಹೊಸದಾಗಿ ಸೆರಾಮಿಕ್ ಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ಗ್ಯಾಸ್ ವಿಷಯ ಹೊಸದಾಗಿ ಹೇಳಬೇಕಾದ್ದು ಕಡಿಮೆ. ಉರಿ ಕಣ್ಣಿಗೆ ಕಾಣುತ್ತದೆ, ಗುಂಡು ತಳದ ಬಾಣಲೆ ಕೂರುತ್ತದೆ, ಕರೆಂಟು ಹೋದರೂ ಅಡುಗೆ ನಿಲ್ಲುವುದಿಲ್ಲ. ಒರೆಸುವ ಕೆಲಸ ಮಾತ್ರ ಮುಗಿಯುವುದೇ ಇಲ್ಲ. ಇನ್ನೊಂದು, ಉರಿ ಇದ್ದಲ್ಲಿ ಉಸಿರಾಟಕ್ಕೆ ಕೆಟ್ಟದಾದ ನೈಟ್ರೋಜನ್ ಡೈಆಕ್ಸೈಡ್ ಇರುತ್ತದೆ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡೂ ಸೇರುತ್ತದೆ. ಕಿಟಕಿ ತೆರೆದಿಡಿ, ಇಲ್ಲವೇ ಹೊಗೆ ಹೊರಗೆ ತಳ್ಳುವ ಫ್ಯಾನ್ ಹಾಕಿ. ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದರೆ ಬರ್ನರ್ ಬಿಚ್ಚಿ ತೊಳೆಯಿರಿ, ಆಮೇಲೂ ಹಾಗೇ ಇದ್ದರೆ ರಿಪೇರಿಯವರನ್ನು ಕರೆಸಿ. ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಇರುವ ಒಲೆಯನ್ನೇ ಆರಿಸಿ.

ಈಗ ನಮ್ಮ ಅಡುಗೆಮನೆಯಲ್ಲಿರುವುದು ಎರಡು ಪಾತ್ರೆಯ ಇಂಡಕ್ಷನ್, ಪಕ್ಕದಲ್ಲಿ ಒಂದೇ ಬರ್ನರ್‌ನ ಗ್ಯಾಸ್. ದಿನದ ಅಡುಗೆಯೆಲ್ಲ ಇಂಡಕ್ಷನ್ ಮೇಲೆ. ಗುಂಡು ಬಾಣಲೆಗೂ ಕರೆಂಟು ಹೋದಾಗಲೂ ಗ್ಯಾಸ್. ಒಂದನ್ನೇ ಆರಿಸು ಅಂದರೆ ಇಂಡಕ್ಷನ್ ಅನ್ನುತ್ತೇನೆ, ಕರೆಂಟು ನೆಚ್ಚಿಕೊಳ್ಳುವ ಹಾಗಿದ್ದರೆ ಮಾತ್ರ.

ಕೊಳ್ಳುವಾಗ ಅಂಗಡಿಯವರು ನೀರು ಕುದಿಸಿ ತೋರಿಸುತ್ತಾರೆ. ಅಲ್ಲಿಗೇ ಬಿಡಬೇಡಿ, ಅದೇ ನೀರನ್ನು ಅತಿ ಸಣ್ಣ ಉರಿಗೆ ಇಳಿಸಲು ಹೇಳಿ. ಅಗ್ಗದ ಇಂಡಕ್ಷನ್ ಒಲೆಗಳು ಸಣ್ಣ ಉರಿ ಕೊಡುವುದಿಲ್ಲ. ಕೆಲವು ಸೆಕೆಂಡು ಜೋರಾಗಿ ಕಾಯಿಸಿ, ಕೆಲವು ಸೆಕೆಂಡು ಪೂರ್ತಿ ನಿಲ್ಲಿಸುತ್ತವೆ. ಗುಳ್ಳೆಗಳು ಒಂದೇ ಸಮ ಬರುತ್ತಿದ್ದರೆ ತಗೊಳ್ಳಿ. ಭುಸ್ ಅಂತ ಎದ್ದು, ಸತ್ತು, ಮತ್ತೆ ಎದ್ದರೆ ಬೇರೆ ಮಾಡೆಲ್ ತೋರಿಸಿ ಅನ್ನಿ.