ಆಗುಂಬೆ, ಮಾಳ, ಹುಲಿಕಲ್, ಚಾರ್ಮಾಡಿ: ಸೈಕಲ್ಲಿನಲ್ಲಿ ಯಾವುದನ್ನು ಹತ್ತಬೇಕು, ಯಾವುದನ್ನು ಇಳಿಯಬೇಕು?

ಕರಾವಳಿಯಿಂದ ಸೈಕಲ್ ತುಳಿದು ಘಟ್ಟ ಹತ್ತಿ, ಅದೇ ದಿನ ಮತ್ತೆ ಕೆಳಗಿಳಿಯಬೇಕೆನ್ನುವವರು ಮೊದಲು ಕೇಳುವುದು ಯಾವ ಘಾಟಿ ಹತ್ತಲಿ ಎಂದು. ಮೊದಲು ತೀರ್ಮಾನಿಸಬೇಕಾದದ್ದು ಯಾವ ಘಾಟಿ ಇಳಿಯುವುದೆಂದು ಎನ್ನುತ್ತೇನೆ ನಾನು. ಹತ್ತುವಾಗ ಸುಸ್ತಾದರೆ ಸೈಕಲ್ ತಳ್ಳಿಕೊಂಡು ನಡೆಯಬಹುದು. ಇಳಿಯುವಾಗ ತಿರುವಿನಲ್ಲಿ ಬಸ್ಸು ಎದುರಾದರೆ ಯೋಚಿಸಲೂ ಸಮಯವಿರುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಸುತ್ತು ಕಾರ್ಕಳದಿಂದ ಹೊರಡುತ್ತದೆ. ಹೆಬ್ರಿ, ಸೋಮೇಶ್ವರ, ಆಗುಂಬೆ, ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಮಾಳ, ಬಜಗೋಳಿ, ಮತ್ತೆ ಕಾರ್ಕಳ. ಒಟ್ಟು 140 ಕಿ.ಮೀ. ಆಸುಪಾಸು. ಇದನ್ನು ಎರಡೂ ದಿಕ್ಕಿನಲ್ಲಿ ಸುತ್ತಬಹುದು; ಎರಡನ್ನೂ ಮಾಡಿ ನೋಡಿದ್ದೇನೆ. ದಾರಿ ಒಂದೇ ಆದರೂ ಸವಾರಿ ಒಂದೇ ಅಲ್ಲ.

ಆಗುಂಬೆಯನ್ನು ಇಳಿಯುವುದು ನನಗೆ ಒಗ್ಗಲಿಲ್ಲ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಅದೂ ಒಂದರ ಬೆನ್ನಿಗೆ ಒಂದು. ರಸ್ತೆ ಕಿರಿದು. ಮೇಲೇರುವ ಬಸ್ಸಿಗೆ ತಿರುಗಲು ರಸ್ತೆಯ ಪೂರ್ತಿ ಅಗಲ ಬೇಕು, ಅಂದರೆ ನಾವು ಇಳಿಯುವ ಬದಿಯೂ ಆ ಕ್ಷಣಕ್ಕೆ ಅದರದೇ. ಬ್ರೇಕ್ ಬಿಟ್ಟು ವೇಗ ಸಿಗುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ರಿಮ್ ಬ್ರೇಕ್ ಇರುವ ಸೈಕಲ್ಲಾದರೆ ಸೋಮೇಶ್ವರ ತಲುಪುವ ಹೊತ್ತಿಗೆ ಚಕ್ರದ ಅಂಚು ಕೈ ಇಡಲಾಗದಷ್ಟು ಕಾದಿರುತ್ತದೆ. ನೆರಳಿನ ತಿರುವುಗಳಲ್ಲಿ ಮಳೆ ನಿಂತು ವಾರಗಳಾದರೂ ಟಾರಿನ ಅಂಚಿನಲ್ಲಿ ಪಾಚಿ ಉಳಿದಿರುತ್ತದೆ. ಬೆರಳುಗಳ ನೋವಿನ ಮಾತು ಬೇರೆ.

ಅದೇ ಆಗುಂಬೆಯನ್ನು ಹತ್ತುವುದೆಂದರೆ ಹಬ್ಬ. ಬೆಳಕು ಹರಿಯುವ ಮುನ್ನ ಕಾರ್ಕಳ ಬಿಟ್ಟರೆ ಕರಾವಳಿಯ ಸೆಕೆ ಏರುವ ಮೊದಲೇ ಸೋಮೇಶ್ವರದ ಕಾಡಿನ ನೆರಳು ಸೇರಬಹುದು. ಅಲ್ಲಿಂದ ಮುಂದೆ ನಮ್ಮ ವೇಗ ಗಂಟೆಗೆ ಏಳೆಂಟು ಕಿ.ಮೀ., ಹಿಂದಿನಿಂದ ಬಸ್ಸು ಬಂದರೆ ಬದಿಗೆ ನಿಂತರಾಯಿತು. ಎಡಕ್ಕೆ ತಿರುಗುವ ಹೇರ್‌ಪಿನ್‌ಗಳಲ್ಲಿ ಮಾತ್ರ ಎಚ್ಚರ ಬೇಕು: ಒಳಮಗ್ಗುಲು ಗೋಡೆಯ ಹಾಗೆ ಎದ್ದು ನಿಂತಿರುತ್ತದೆ. ವಾಹನವಿಲ್ಲದಿದ್ದರೆ ತುಸು ಹೊರಗಿನಿಂದ ಸುತ್ತಿ ಬನ್ನಿ, ಕಾಲಿಗೆ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಬಲತಿರುವುಗಳಲ್ಲಿ ನಮ್ಮ ಬದಿಯೇ ಹೊರಬದಿ, ಅಲ್ಲಿ ಉಸಿರು ಸುಧಾರಿಸಿಕೊಳ್ಳಬಹುದು. ಬಾಳೆಹಣ್ಣನ್ನು ಹ್ಯಾಂಡಲ್ಲಿನ ಚೀಲದಲ್ಲಿ ಕಾಣುವಂತೆ ಇಡಬೇಡಿ. ಕೋತಿಗಳು ನಿಧಾನವಾಗಿ ಬರುವ ಸೈಕಲ್ಲನ್ನು ಬಿಡುವುದಿಲ್ಲ.

ಎಸ್.ಕೆ. ಬಾರ್ಡರ್‌ನಿಂದ ಕೆಳಗಿಳಿಯುವ ಮಾಳದ ಘಾಟಿ ಇದಕ್ಕೆ ತೀರಾ ಬೇರೆ. ತಿರುವುಗಳು ಅಗಲ, ಮುಂದಿನದು ದೂರದಿಂದಲೇ ಕಾಣುತ್ತದೆ, ಬ್ರೇಕ್ ಆಗಾಗ ಬಿಟ್ಟು ತಣ್ಣಗಾಗಿಸಲು ಅವಕಾಶವಿದೆ. ಇಳಿಯುವವರಿಗೆ ಇದಕ್ಕಿಂತ ಒಳ್ಳೆಯದು ಈ ಭಾಗದಲ್ಲಿ ನಾನು ಕಂಡಿಲ್ಲ. ಹತ್ತುವುದಕ್ಕೂ ಕೆಟ್ಟದ್ದಲ್ಲ, ಆದರೆ ಆಗುಂಬೆಯಷ್ಟು ರುಚಿಯಿಲ್ಲ. ಒಂದೇ ಲಯದಲ್ಲಿ ತುಳಿಯುತ್ತಾ ಹೋಗುವುದಷ್ಟೇ ಕೆಲಸ. ಆ ಲಯವೇ ಇಷ್ಟವೆನ್ನುವವರಿಗೆ ನನ್ನ ತಕರಾರಿಲ್ಲ.

ಹುಲಿಕಲ್ ಅಥವಾ ಬಾಳೆಬರೆ ಘಾಟಿ ಬಲಶಾಲಿಗಳಿಗೆ. ಕುಂದಾಪುರ ಕಡೆಯ ಹೊಸಂಗಡಿಯಿಂದ ಮಾಸ್ತಿಕಟ್ಟೆಯತ್ತ ಏರುವ ಈ ರಸ್ತೆಯ ಕಡಿದಾದ ಏರಿಗೆ ಗಿಯರ್ ಲೆಕ್ಕ ಹಾಕಿಯೇ ಹೋಗಬೇಕು. ಮುಂದಿನ ಗಿಯರ್ ಚಕ್ರದಲ್ಲಿ 34 ಹಲ್ಲು, ಹಿಂದಿನದರಲ್ಲಿ 28 ಹಲ್ಲು ಇಟ್ಟು ನಿಮಿಷಕ್ಕೆ 60 ಸುತ್ತು ತುಳಿದರೆ ಸೈಕಲ್ಲು ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಓಡಬೇಕಾಗುತ್ತದೆ. ಅಷ್ಟು ವೇಗ ಇಲ್ಲಿ ನನ್ನಿಂದ ಆಗದು. ಆಗ ಪೆಡಲ್ ನಿಧಾನವಾಗಿ ಮಂಡಿಯ ಮೇಲೆ ಭಾರ ಬೀಳುತ್ತದೆ. ಹಿಂದೆ 34 ಹಲ್ಲಿದ್ದರೆ ಅದೇ ಲಯಕ್ಕೆ ಏಳೂವರೆ ಕಿ.ಮೀ. ಸಾಕು. ಘಾಟಿಗೆ ಹೊರಡುವ ಮುನ್ನ ಖರ್ಚು ಮಾಡುವುದಿದ್ದರೆ ಹಗುರ ಚಕ್ರಕ್ಕಲ್ಲ, ದೊಡ್ಡ ಕ್ಯಾಸೆಟ್ಟಿಗೆ (ಹಿಂದಿನ ಹಲ್ಲುಚಕ್ರಗಳ ಗುಚ್ಛಕ್ಕೆ) ಮಾಡಿ. ಹತ್ತಿದ ಮೇಲೆ ನಗರದ ಕಡೆ ಸಾಗಿ ನಾಗೋಡಿ ಘಾಟಿಯಲ್ಲಿ ಕೊಲ್ಲೂರಿಗೆ ಇಳಿಯುವುದು ಒಳ್ಳೆಯ ಜೋಡಿ. ಹುಲಿಕಲ್ಲನ್ನೇ ಇಳಿಯಲು ಯಾರಿಗೂ ಹೇಳಲಾರೆ.

ಚಾರ್ಮಾಡಿ ಉದ್ದದ ಏರು. ಉಜಿರೆ ದಾಟಿ ಹೊರಟರೆ ಕೊಟ್ಟಿಗೆಹಾರದ ನೀರುದೋಸೆಯವರೆಗೆ ತಾಳ್ಮೆಯ ಪರೀಕ್ಷೆ. ಕಣಿವೆಯ ಕಡೆ ತೆರೆದ ನೋಟ ಉಳಿದ ಯಾವ ಘಾಟಿಯಲ್ಲೂ ಇಷ್ಟಿಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಚಾರ ನಿಂತ ರಸ್ತೆ ಇದು, ಹಾಗಾಗಿ ಮಳೆಗಾಲದಲ್ಲಿ ಬೇಡವೇ ಬೇಡ. ವಾರಾಂತ್ಯದಲ್ಲಿ ಧರ್ಮಸ್ಥಳದ ಯಾತ್ರಿಕರ ವಾಹನಗಳ ಸಾಲು. ಮಂಗಳವಾರ, ಬುಧವಾರ ಹೋಗಿ. ಕಳಸದಲ್ಲಿ ರಾತ್ರಿ ಉಳಿದು ಕುದುರೆಮುಖದ ಮೂಲಕ ಮಾಳಕ್ಕೆ ಇಳಿಯಿರಿ. ಎರಡು ದಿನಕ್ಕೆ ಇದಕ್ಕಿಂತ ಚೆಂದದ ಯೋಜನೆ ನನಗೆ ಗೊತ್ತಿಲ್ಲ. ಶಿರಾಡಿಯನ್ನು ಲಾರಿಗಳಿಗೆ ಬಿಟ್ಟುಬಿಡಿ.

ಒಂದೇ ದಿನವಿದ್ದರೆ ನನ್ನ ಮತ ಆಗುಂಬೆ ಹತ್ತಿ ಮಾಳ ಇಳಿಯುವುದಕ್ಕೆ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಹದವಾದ ಕಾಲ. ಇದರಲ್ಲೂ ಒಂದು ತೊಡಕಿದೆ: ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ದಿನದ ಕೊನೆಗೆ, ಕಾಲು ಸೋತಾಗ ಬರುತ್ತದೆ. ತನಿಕೋಡಿನಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ, ಮುಂದೆ ಆನೆಗಳಿರುವ ಕಾಡು, ಅಂಗಡಿ ಸಿಗುವುದು ಅಪರೂಪ. ಉಲ್ಟಾ ದಿಕ್ಕಿನಲ್ಲಿ ಹೋದರೆ ಈ ಕಾಡು ಬೆಳಿಗ್ಗೆಯೇ ಮುಗಿಯುತ್ತದೆ, ಅದು ಆ ದಿಕ್ಕಿನ ನಿಜವಾದ ಲಾಭ. ಆದರೂ ಆಗುಂಬೆಯ ಇಳಿಜಾರಿಗಿಂತ ಗಡಿಯಾರವನ್ನು ಎದುರಿಸುವುದೇ ಲೇಸು. ಶೃಂಗೇರಿಯ ಮಠದಲ್ಲಿ ಮಧ್ಯಾಹ್ನದ ಊಟ ಮಾಡಿ, ಎರಡೂ ಬಾಟಲಿ ತುಂಬಿಸಿಕೊಂಡು, ಒಂದೂವರೆಗೆ ಹೊರಡಿ. ಮೂರಾದರೂ ಇನ್ನೂ ಶೃಂಗೇರಿಯಲ್ಲೇ ಇದ್ದರೆ ಅಲ್ಲೇ ಕೋಣೆ ಹಿಡಿದು, ಉಳಿದ ದಾರಿಯನ್ನು ಮರುದಿನ ಬೆಳಿಗ್ಗೆ ತುಳಿಯಿರಿ.